ಆ ಹದಿನೆಂಟು ನಿಮಿಷ ಸಾಲದು, ಇಡೀ 'ಟ್ಯಾಮಿ ಶೋ' ನೋಡಿ

ಕಳೆದ ಸಂಚಿಕೆಯಲ್ಲಿ ಹಳೇ ಸಂಗೀತ ಚಿತ್ರಗಳ ಬಗ್ಗೆ ಬರೆಯುವಾಗ 1964ರ 'ಟ್ಯಾಮಿ ಶೋ' ಹೆಸರು ಎತ್ತಿದ್ದೆ, ಅಮೆರಿಕದಲ್ಲಿ ಹಲವು ಗಾಯಕರು ಸೇರಿ ಹಾಡಿದ ಒಂದು ಕಛೇರಿಯ ಚಿತ್ರ ಅದು. ಬರೆದಿದ್ದು ನಾಲ್ಕೇ ಸಾಲು. ಪತ್ರಗಳು ಮಾತ್ರ ಅದರ ಬಗ್ಗೆಯೇ ಜಾಸ್ತಿ ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇಡೀ ಅಂಕಣವನ್ನು ಈ ಒಂದೇ ಚಿತ್ರಕ್ಕೆ ಕೊಡುತ್ತಿದ್ದೇನೆ. ನನಗೆ ತುಂಬಾ ಇಷ್ಟವಾದ ಚಿತ್ರ ಇದು, ಕೇಳಿದ್ದಕ್ಕೆ ಖುಷಿಯಾಯಿತು.

ಮಗ ಮೊಬೈಲಿನಲ್ಲಿ ಒಂದು ಕಪ್ಪು-ಬಿಳುಪು ತುಣುಕು ತೋರಿಸಿದ. ಹಾಡುತ್ತಾ ಹಾಡುತ್ತಾ ಗಾಯಕ ಮಂಡಿಯ ಮೇಲೆ ಕುಸಿದು ಬೀಳುತ್ತಾರೆ. ಯಾರೋ ಬಂದು ಬೆನ್ನಿಗೆ ಶಾಲಿನ ಥರದ್ದು ಹೊದಿಸಿ ಕರೆದುಕೊಂಡು ಹೋಗುತ್ತಾರೆ. ಅವರು ಅದನ್ನು ಕಿತ್ತೆಸೆದು ಮತ್ತೆ ಮೈಕಿನ ಹತ್ತಿರ ಬರುತ್ತಾರೆ. ಯಾರು ಇವರು? ನಿಜವಾಗಲೂ ಹುಷಾರಿರಲಿಲ್ಲವಾ? (ಹಾಸನ)

ಅವರು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್, ತುಣುಕು ಇದೇ 'ಟ್ಯಾಮಿ ಶೋ'ದು. ಆರೋಗ್ಯಕ್ಕೆ ಏನೂ ಆಗಿರಲಿಲ್ಲ, ಆಗ 31 ವರ್ಷ, ಒಳ್ಳೇ ಕಸುವಿನ ವಯಸ್ಸು. ಹಾಡು 'ಪ್ಲೀಸ್, ಪ್ಲೀಸ್, ಪ್ಲೀಸ್'. ಕುಸಿದು ಬೀಳುವುದು, ಹೊದಿಕೆ ಹೊದಿಸುವುದು, ಕಿತ್ತೆಸೆಯುವುದು ಎಲ್ಲಾ ಆಟದ ಭಾಗ. ಗಾರ್ಜಸ್ ಜಾರ್ಜ್ ಅನ್ನುವ ಕುಸ್ತಿಪಟು ದೊಡ್ಡ ನಿಲುವಂಗಿ ಹಾಕಿಕೊಂಡು ಅಖಾಡಕ್ಕೆ ಬರುತ್ತಿದ್ದರಂತೆ, ಅದನ್ನು ನೋಡಿ ಈ ಹೊದಿಕೆಯ ಉಪಾಯ ಹೊಳೆಯಿತು ಅಂತ ಬ್ರೌನ್ ಅವರೇ ಹೇಳಿಕೊಂಡಿದ್ದಾರೆ.

ಆದರೆ ಆಟ ಅಂತ ಗೊತ್ತಿದ್ದೂ ನೋಡುವಾಗ ಎದೆ ಹೊಡೆದುಕೊಳ್ಳುತ್ತೆ. ಒಂದು ಸಲ ಬಿದ್ದಾಗ ಸರಿ, ನಾಟಕ ಅಂತೀವಿ. ಎರಡನೇ ಸಲ ಬಿದ್ದಾಗ ಸಭೆಯ ಹುಡುಗಿಯರು ಕಿರುಚುತ್ತಾರೆ. ಇನ್ನೊಂದು ಸಲ ಬೀಳುವ ಹೊತ್ತಿಗೆ, ಈ ಮನುಷ್ಯನಿಗೆ ನಿಜವಾಗಲೂ ಏನೋ ಆಗಿದೆ ಅಂತ ನಮಗೇ ಅನುಮಾನ ಶುರುವಾಗುತ್ತೆ. ಹಿಂದೆ ನಿಂತ ಜೊತೆಗಾರರ, ಅಂದರೆ ಫೇಮಸ್ ಫ್ಲೇಮ್ಸ್ ಅನ್ನುವ ಅವರ ಹಾಡುಗಾರರ ತಂಡದವರ ಮುಖ ನೋಡಿ. ಎಷ್ಟು ಗಂಭೀರವಾಗಿ, ಎಷ್ಟು ಕಾಳಜಿಯಿಂದ ಬೆನ್ನು ತಟ್ಟುತ್ತಾರೆ! ಅವರು ಒಂದು ಸಲ ನಕ್ಕುಬಿಟ್ಟಿದ್ದರೂ ಎಲ್ಲಾ ಮುಗಿದುಹೋಗುತ್ತಿತ್ತು. ಬ್ಯಾಂಡಿನವರು ತಾಳ ಒಂಚೂರೂ ಬಿಡುವುದಿಲ್ಲ.

ಬ್ರೌನ್ ಸರದಿಯಲ್ಲಿ ಇರುವುದು ನಾಲ್ಕು ಹಾಡು. 'ಔಟ್ ಆಫ್ ಸೈಟ್', 'ಪ್ರಿಸನರ್ ಆಫ್ ಲವ್', ನಿಮ್ಮ ಮಗ ತೋರಿಸಿದ್ದು, ಕೊನೆಗೆ 'ನೈಟ್ ಟ್ರೇನ್'. ಎಲ್ಲಾ ಸೇರಿ ಹದಿನೆಂಟು ನಿಮಿಷದ ಆಸುಪಾಸು. ಒಂದೇ ಕಾಲಿನ ಮೇಲೆ ವೇದಿಕೆಯ ಈ ತುದಿಯಿಂದ ಆ ತುದಿಗೆ ಜಾರುತ್ತಾ ಹೋಗುವುದು 'ನೈಟ್ ಟ್ರೇನ್'ನಲ್ಲೇ, ಅದನ್ನು ಮಗನ ಜೊತೆ ಕೂತು ನೋಡಿ. ಹಾಗೇ ಒಂದು ಮಾತು: ತುಣುಕು ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ಅದರ ಹಿಂದೆ ಮುಂದೆ ಏನಿದೆ ಅಂತ ಗೊತ್ತಾದಾಗಲೇ ಆ ಹದಿನೆಂಟು ನಿಮಿಷದ ತೂಕ ಗೊತ್ತಾಗುವುದು.

ಹೆಸರೇ ವಿಚಿತ್ರವಾಗಿದೆ. ಟ್ಯಾಮಿ ಅಂದರೆ ಯಾರು? ಸಿನಿಮಾನಾ, ಟಿವಿ ಕಾರ್ಯಕ್ರಮನಾ? (ಧಾರವಾಡ)

ಯಾರ ಹೆಸರೂ ಅಲ್ಲ. 'ಟೀನೇಜ್ ಅವಾರ್ಡ್ಸ್ ಮ್ಯೂಸಿಕ್ ಇಂಟರ್‌ನ್ಯಾಷನಲ್' ಅನ್ನುವುದರ ಮೊದಲ ಅಕ್ಷರಗಳು. ಚಿತ್ರದಲ್ಲಿ ಪ್ರಶಸ್ತಿ ಗಿಶಸ್ತಿ ಏನೂ ಇಲ್ಲ, ಬರೀ ಹಾಡು ಮತ್ತು ಕುಣಿತ.

ಸಿನಿಮಾನೇ. ಆದರೆ ತೆಗೆದದ್ದು ಟಿವಿಯವರ ರೀತಿಯಲ್ಲಿ. 1964ರ ಅಕ್ಟೋಬರ್ 28 ಮತ್ತು 29ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಸಿವಿಕ್ ಆಡಿಟೋರಿಯಮ್‌ನಲ್ಲಿ ಕಛೇರಿ ನಡೆಯಿತು. ಊರಿನ ಹೈಸ್ಕೂಲ್ ಮಕ್ಕಳಿಗೆ ಟಿಕೆಟ್ ಪುಕ್ಕಟೆ ಹಂಚಿದ್ದರು. ಎರಡು ದಿನದ ಚಿತ್ರೀಕರಣದಿಂದ ಆರಿಸಿ ಜೋಡಿಸಿದ ಚಿತ್ರ ಅದೇ ಡಿಸೆಂಬರ್ ಕೊನೆಗೆ ಬಿಡುಗಡೆಯಾಯಿತು. ಎರಡೇ ತಿಂಗಳಲ್ಲಿ!

ಇಷ್ಟು ಬೇಗ ಹೇಗೆ ಆಯ್ತು ಅಂದರೆ, ನಿರ್ಮಾಪಕ ಬಿಲ್ ಸಾರ್ಜೆಂಟ್ ಹತ್ತಿರ ಎಲೆಕ್ಟ್ರೋನೋವಿಷನ್ ಅನ್ನುವ ಒಂದು ವಿಧಾನ ಇತ್ತು. ಫಿಲ್ಮ್ ಕ್ಯಾಮೆರಾ ಬದಲು ಎಲೆಕ್ಟ್ರಾನಿಕ್ ಕ್ಯಾಮೆರಾ. ಪರದೆಯ ಮೇಲೆ ಚಿತ್ರ ಮೂಡಿಸುವ ಗೆರೆಗಳು ಮಾಮೂಲಿ ಟಿವಿಗಿಂತ ಜಾಸ್ತಿ, ಹಾಗಾಗಿ ಚಿತ್ರ ಸ್ಪಷ್ಟ. ಆಮೇಲೆ ಅದನ್ನು ಫಿಲ್ಮಿಗೆ ಇಳಿಸಿ ಥಿಯೇಟರಿಗೆ ಕಳಿಸುವುದು. ಅದೇ ವರ್ಷ ರಿಚರ್ಡ್ ಬರ್ಟನ್ ಅಭಿನಯದ 'ಹ್ಯಾಮ್ಲೆಟ್' ನಾಟಕವನ್ನು ಬ್ರಾಡ್‌ವೇ ರಂಗಮಂದಿರದಲ್ಲೇ ಈ ವಿಧಾನದಲ್ಲಿ ಹಿಡಿದು ದೇಶದ ತುಂಬಾ ಥಿಯೇಟರುಗಳಲ್ಲಿ ತೋರಿಸಿದ್ದರು. ಅದಾದ ಮೇಲೆ ಇದು.

ನಿರ್ದೇಶಕ ಸ್ಟೀವ್ ಬೈಂಡರ್, ಟಿವಿಯಲ್ಲಿ ಪಳಗಿದ ಮನುಷ್ಯ. ಕಛೇರಿ ನಡೆಯುತ್ತಿರುವಾಗಲೇ ಈಗ ಈ ಕ್ಯಾಮೆರಾ, ಈಗ ಆ ಕ್ಯಾಮೆರಾ ಅಂತ ಅಲ್ಲೇ ಕತ್ತರಿಸುತ್ತಾ ಹೋದರು. ಆಮೇಲೆ ಸಾವಧಾನವಾಗಿ ಮೇಜಿನ ಮುಂದೆ ಕೂತು ಯೋಚಿಸುವ ಅವಕಾಶ ಕಡಿಮೆ. ಬ್ರೌನ್ ಅಂತೂ ಮೊದಲೇ ಅಭ್ಯಾಸ ಮಾಡಿ ತೋರಿಸಲು ಒಪ್ಪಲಿಲ್ಲ, ನಾನು ಹಾಡುವಾಗ ನಿಮಗೇ ಗೊತ್ತಾಗುತ್ತೆ ಎಂಬ ಅರ್ಥದ ಮಾತು ಹೇಳಿದರು ಅಂತ ಬೈಂಡರ್ ನೆನೆಸಿಕೊಂಡಿದ್ದಾರೆ. ಅಂದರೆ ಬ್ರೌನ್ ಯಾವಾಗ ಬೀಳುತ್ತಾರೆ, ಯಾವ ಕಡೆ ಜಾರುತ್ತಾರೆ ಅಂತ ಕ್ಯಾಮೆರಾದವರಿಗೆ ಮುಂಚೆ ಗೊತ್ತಿರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಭಾಗ ಇನ್ನೊಂದು ಸಲ ನೋಡಿ, ಕ್ಯಾಮೆರಾ ಹಿಡಿದವರ ಮೇಲೂ ಗೌರವ ಹುಟ್ಟುತ್ತೆ.

ಇದೇ ಬೈಂಡರ್ ಮುಂದೆ 1968ರಲ್ಲಿ ಎಲ್ವಿಸ್ ಪ್ರೀಸ್ಲಿ ಅವರನ್ನು ಮತ್ತೆ ಜನರ ಮುಂದೆ ನಿಲ್ಲಿಸಿದ ಹೆಸರಾಂತ ಟಿವಿ ಕಾರ್ಯಕ್ರಮ ನಿರ್ದೇಶಿಸಿದರು.

ಇವರೆಲ್ಲಾ ಸುಮ್ನೆ ತುಟಿ ಆಡಿಸಿದ್ದಾ, ನಿಜವಾಗಿ ಹಾಡಿದ್ದಾ? ಆ ಕಾಲದ ಟಿವಿ ಹಾಡುಗಳಲ್ಲಿ ರೆಕಾರ್ಡ್ ಹಾಕಿ ತುಟಿ ಆಡಿಸುತ್ತಿದ್ದರು ಅಂತ ಕೇಳಿದ್ದೇನೆ. (ಮೈಸೂರು, ಕಾಲೇಜು ವಿದ್ಯಾರ್ಥಿ)

ನೀವು ಕೇಳಿದ್ದು ನಿಜ, ಆಗಿನ ಎಷ್ಟೋ ಟಿವಿ ಕಾರ್ಯಕ್ರಮಗಳಲ್ಲಿ ಹಾಗೇ ಮಾಡುತ್ತಿದ್ದರು. ಇಲ್ಲಿ ಹಾಗಲ್ಲ, ಹಾಡಿದ್ದು ಅಲ್ಲೇ, ನುಡಿಸಿದ್ದೂ ಅಲ್ಲೇ. ಸ್ವಲ್ಪ ಗಮನ ಕೊಟ್ಟರೆ ಕೆಲವು ಕಡೆ ಉಸಿರು ಸಾಲದೆ ಸಾಲು ತುಂಡಾಗುವುದೂ ಕೇಳಿಸುತ್ತೆ. ನನಗೆ ಅದೇ ಇಷ್ಟ.

ನೀವು ವಾದ್ಯ ಕಲಿಯುತ್ತಿದ್ದೀರಿ ಅಂತ ಬರೆದಿದ್ದೀರಲ್ಲಾ, ಹಿಂದೆ ಕೂತ ವಾದ್ಯದವರ ಬಗ್ಗೆ ಹೇಳಲೇಬೇಕು. ಬ್ರೌನ್, ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್, ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ಥರದವರಿಗೆ ಸ್ವಂತ ಬ್ಯಾಂಡ್ ಇತ್ತು. ಬೇರೆ ಎಷ್ಟೋ ಗಾಯಕರಿಗೆ ನುಡಿಸಿದ್ದು ಜ್ಯಾಕ್ ನಿಚೆ ನೇತೃತ್ವದ ಲಾಸ್ ಏಂಜಲಿಸ್ ಸ್ಟುಡಿಯೋ ಕಲಾವಿದರು. ಮುಂದೆ 'ರೆಕಿಂಗ್ ಕ್ರೂ' ಅಂತ ಹೆಸರಾದ ತಂಡ ಇದೇ. ಡ್ರಮ್ಸ್‌ಗೆ ಹ್ಯಾಲ್ ಬ್ಲೇನ್. ಗಿಟಾರ್ ಹಿಡಿದವರಲ್ಲಿ ಗ್ಲೆನ್ ಕ್ಯಾಂಪ್‌ಬೆಲ್, ಪಿಯಾನೋದಲ್ಲಿ ಲಿಯಾನ್ ರಸೆಲ್. ಆಗ ಈ ಇಬ್ಬರ ಹೆಸರೂ ಹೊರಗಿನ ಜನಕ್ಕೆ ಗೊತ್ತಿರಲಿಲ್ಲ, ಕೆಲವೇ ವರ್ಷದಲ್ಲಿ ಇಬ್ಬರೂ ಸ್ವಂತ ಹೆಸರಿನಲ್ಲಿ ದೊಡ್ಡ ಗಾಯಕರಾದರು. ರಸೆಲ್ ಅವರನ್ನು ನಮ್ಮವರಲ್ಲಿ ಕೆಲವರು ಬೇರೆ ಕಡೆ ನೋಡಿರುತ್ತಾರೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ್ ರವಿಶಂಕರ್ ಮತ್ತು ಹಿಂದೆ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಸೇರಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಮಾಡಿದ ಕಛೇರಿಯಲ್ಲಿ ಅವರೂ ಇದ್ದರು.

ಮಾರ್ವಿನ್ ಗೇ ಹಾಡುವಾಗ ಹಿಂದೆ ಮೂರು ಜನ ಹೆಂಗಸರು ದನಿ ಕೊಡುತ್ತಾರೆ. ಅವರು 'ಬ್ಲಾಸಮ್ಸ್'. ಅವರಲ್ಲಿ ಒಬ್ಬರು ಡಾರ್ಲೀನ್ ಲವ್. 1962ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದ 'ಹೀ ಈಸ್ ಎ ರೆಬೆಲ್' ಹಾಡಿದ್ದು ಇವರೇ, ಆದರೆ ರೆಕಾರ್ಡಿನ ಮೇಲೆ ಹೆಸರು ಹಾಕಿದ್ದು ಬೇರೆ ತಂಡದ್ದು. ಅಂಥ ಅನ್ಯಾಯ ಉಂಡವರು ಇಲ್ಲಿ ಕ್ಯಾಮೆರಾದ ಮುಂದೆ ಮುಖ ತೋರಿಸಿ ಹಾಡುತ್ತಿದ್ದಾರೆ. 'ಕ್ಯಾನ್ ಐ ಗೆಟ್ ಎ ವಿಟ್ನೆಸ್' ಬಂದಾಗ ಮಾರ್ವಿನ್ ಗೇ ಅವರನ್ನು ಸ್ವಲ್ಪ ಬಿಟ್ಟು ಈ ಮೂವರನ್ನೇ ಕೇಳಿ.

ಬೀಟಲ್ಸ್ ಯಾಕಿಲ್ಲ? 1964 ಅಂದರೆ ಅವರದೇ ವರ್ಷ ಅಲ್ವಾ? (ಬೆಳಗಾವಿ)

ಅವರದೇ ವರ್ಷ, ಹೌದು. ಫೆಬ್ರುವರಿಯಲ್ಲಿ ಅಮೆರಿಕಕ್ಕೆ ಮೊದಲ ಸಲ ಬಂದಿದ್ದರು. ಈ ವೇದಿಕೆಯಲ್ಲಿ ಅವರಿಲ್ಲ, ಆದರೆ ಅವರ ಗಾಳಿ ಇದೆ. ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್ ಮತ್ತು ಬಿಲ್ಲಿ ಜೆ. ಕ್ರಾಮರ್, ಎರಡೂ ತಂಡಕ್ಕೆ ಬೀಟಲ್ಸ್ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಅವರೇ ಮ್ಯಾನೇಜರ್. ಕ್ರಾಮರ್ ಹಾಡುವುದರಲ್ಲಿ ಬೀಟಲ್ಸ್‌ನ ಲೆನನ್-ಮಕಾರ್ಟ್ನಿ ಬರೆದುಕೊಟ್ಟ ಹಾಡುಗಳೂ ಇವೆ. ನನ್ನನ್ನು ಕೇಳಿದರೆ ಕ್ರಾಮರ್ ಭಾಗ ಚಿತ್ರದಲ್ಲಿ ಸ್ವಲ್ಪ ಸಪ್ಪೆ.

ಆ ಕಾಲದ ಗಡಿಬಿಡಿ ಹೇಗಿತ್ತು ಅಂದರೆ, ಶುರುವಿನಲ್ಲಿ ಹೆಸರುಗಳು ಬರುವಾಗ ನಿರೂಪಕ ಜೋಡಿ ಜಾನ್ ಅಂಡ್ ಡೀನ್ ಹಾಡುವ ಹಾಡಿನಲ್ಲಿ ರೋಲಿಂಗ್ ಸ್ಟೋನ್ಸ್ ಲಿವರ್‌ಪೂಲ್‌ನವರು ಅಂತ ಬರುತ್ತೆ. ಅವರು ಲಂಡನ್ನಿನವರು! ಇಂಗ್ಲೆಂಡಿನಿಂದ ಯಾರೇ ಬಂದರೂ ಬೀಟಲ್ಸ್ ಊರಾದ ಲಿವರ್‌ಪೂಲ್‌ನವರೇ ಅಂತ ಅಂದುಕೊಳ್ಳುವ ಕಾಲ ಅದು.

ಜೇಮ್ಸ್ ಬ್ರೌನ್ ಆದ ಮೇಲೆ ರೋಲಿಂಗ್ ಸ್ಟೋನ್ಸ್ ವೇದಿಕೆಗೆ ಬಂದು ಮುಖಭಂಗ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ನಿಮಗೂ ಹಾಗೇ ಅನ್ನಿಸುತ್ತಾ? (ಮಂಗಳೂರು)

ಇದನ್ನು ಕೇಳಿದ್ದು ಒಳ್ಳೇದಾಯಿತು. ಕೊನೆಯ ಸರದಿ ಸ್ಟೋನ್ಸ್‌ಗೆ ಅಂತ ಗೊತ್ತಾದಾಗ ಬ್ರೌನ್ ಅವರಿಗೆ ಕೋಪ ಬಂತು, ಇವರು ಅಮೆರಿಕಕ್ಕೆ ಯಾಕಾದರೂ ಬಂದರೋ ಅನ್ನೋ ಹಾಗೆ ಮಾಡ್ತೀನಿ ಅಂದರು ಅನ್ನುವ ಕಥೆ ಇದೆ. ಬ್ರೌನ್ ನಂತರ ಹಾಡಲು ಒಪ್ಪಿದ್ದೇ ದೊಡ್ಡ ತಪ್ಪು ಅಂತ ಸ್ಟೋನ್ಸ್ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಆಮೇಲೆ ಹೇಳಿದ್ದೂ ಪ್ರಸಿದ್ಧ. ಯಕ್ಷಗಾನದಲ್ಲಿ ಹೆಸರಾಂತ ವೇಷಧಾರಿಯೊಬ್ಬರು ಕುಣಿದು ರಂಗ ಬಿಟ್ಟ ಮೇಲೆ ಬರುವ ಹೊಸ ಹುಡುಗನ ಪಾಡು ಹೇಗಿರುತ್ತೆ ಅಂತ ಕರಾವಳಿಯ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೂ ಮುಖಭಂಗ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಟೋನ್ಸ್ ಗಾಯಕ ಮಿಕ್ ಜ್ಯಾಗರ್‌ಗೆ ಆಗ 21 ವರ್ಷ. ಮೂರು ದಿನದ ಹಿಂದಷ್ಟೇ, ಅಕ್ಟೋಬರ್ 25ಕ್ಕೆ, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಮೊದಲ ಸಲ ಕಾಣಿಸಿಕೊಂಡಿದ್ದರು. ಅಮೆರಿಕದಲ್ಲಿ ಇನ್ನೂ ಕಾಲೂರಿರಲಿಲ್ಲ. ಮೊದಲ ಹಾಡಿನಲ್ಲಿ ಹೆದರಿಕೆ ಕಾಣುತ್ತೆ, ನಿಜ. ಎರಡನೇ ಹಾಡಿನ ಹೊತ್ತಿಗೆ ಮೈ ಸಡಿಲವಾಗುತ್ತೆ. ಆಮೇಲೆ ಜ್ಯಾಗರ್ ಕಾಲು ನೋಡಿ. ಈಗಷ್ಟೇ ನೋಡಿದ್ದನ್ನು ಅಲ್ಲೇ ಪ್ರಯತ್ನಿಸುತ್ತಿರುವ ಹಾಗೆ ನನಗೆ ಕಾಣುತ್ತೆ. ಸರಿಯಾಗಿ ಬರುವುದಿಲ್ಲ, ಆದರೂ ಬಿಡುವುದಿಲ್ಲ. ಅಷ್ಟು ಜನರ ಮುಂದೆ, ಕ್ಯಾಮೆರಾ ಓಡುತ್ತಿರುವಾಗ ಕಲಿಯಲು ಹಿಂಜರಿಯದ ಹುಡುಗನನ್ನು ಸೋತವನು ಅಂತ ಹೇಗೆ ಅನ್ನೋದು?

ಅವರ ಹಾಡುಗಳನ್ನೂ ನೋಡಿ. ಮೊದಲ ಹಾಡು 'ಅರೌಂಡ್ ಅಂಡ್ ಅರೌಂಡ್', ಚಕ್ ಬೆರ್ರಿ ಅವರದು. 'ಇಟ್ಸ್ ಆಲ್ ಓವರ್ ನೌ' ಬಾಬ್ಬಿ ವೊಮ್ಯಾಕ್ ಮತ್ತು ಶರ್ಲಿ ವೊಮ್ಯಾಕ್ ಬರೆದದ್ದು. 'ಟೈಮ್ ಈಸ್ ಆನ್ ಮೈ ಸೈಡ್' ಅದೇ ವರ್ಷ ಅರ್ಮಾ ಥಾಮಸ್ ಹಾಡಿದ್ದರು. ಮೂರೂ ಅಮೆರಿಕದ ಕಪ್ಪು ಜನರ ಸಂಗೀತದಿಂದ ಬಂದದ್ದು. ಇಂಗ್ಲೆಂಡಿನ ಹುಡುಗರು ಅಮೆರಿಕದ ಹಾಡನ್ನು ಅಮೆರಿಕದ ಮಕ್ಕಳಿಗೆ ಹಾಡಿ ತೋರಿಸುತ್ತಿದ್ದಾರೆ.

ಈಗ ಚಿತ್ರದ ಶುರುವಿಗೆ ಬನ್ನಿ. ವೇದಿಕೆಗೆ ಮೊದಲು ಬರುವವರೇ ಚಕ್ ಬೆರ್ರಿ. 'ಮೇಬಲೀನ್' ಹಾಡುತ್ತಾರೆ, ಅದೇ ಹಾಡನ್ನು ಜೆರ್ರಿ ಮತ್ತು ತಂಡ ಎತ್ತಿಕೊಂಡು ಮುಂದುವರಿಸುತ್ತೆ. ನಡುವೆ ಬೀಚ್ ಬಾಯ್ಸ್ ಬಂದು 'ಸರ್ಫಿನ್ ಯುಎಸ್‌ಎ' ಹಾಡುತ್ತಾರೆ, ಆ ಧಾಟಿ ಬೆರ್ರಿ ಅವರ 'ಸ್ವೀಟ್ ಲಿಟ್ಲ್ ಸಿಕ್ಸ್‌ಟೀನ್'ದು. ಕೊನೆಗೆ ಸ್ಟೋನ್ಸ್ ಬಂದು ಬೆರ್ರಿ ಹಾಡಿನಿಂದಲೇ ಶುರು ಮಾಡುತ್ತಾರೆ. ಒಂದು ವರ್ಷದ ಹಿಂದಷ್ಟೇ ಜೈಲಿನಿಂದ ಹೊರಬಂದಿದ್ದ ಒಬ್ಬ ಮನುಷ್ಯನ ಹಾಡು ಇಡೀ ಸಂಜೆಯ ಉದ್ದಕ್ಕೂ ಬೇರೆ ಬೇರೆ ಬಾಯಲ್ಲಿ ತಿರುಗುತ್ತೆ. ಯಾರು ಯಾರಿಂದ ಕಲಿತರು ಅನ್ನುವುದಕ್ಕೆ ಪುಸ್ತಕ ಓದಬೇಕಿಲ್ಲ, ಕಣ್ಣೆದುರಿಗೇ ಇದೆ. ಅದಕ್ಕೇ ನಾನು ಪದೇ ಪದೇ ಹೇಳುವುದು, ಬ್ರೌನ್ ತುಣುಕು ಮಾತ್ರ ನೋಡಿದರೆ ಇದು ಸಿಗುವುದಿಲ್ಲ. ಮೊದಲಿನಿಂದ, ಅದೇ ಸರದಿಯಲ್ಲಿ ನೋಡಬೇಕು.

ಇಷ್ಟು ಒಳ್ಳೇ ಚಿತ್ರ ಅಂತೀರಿ, ಮತ್ತೆ ಇಷ್ಟು ವರ್ಷ ಯಾಕೆ ಯಾರಿಗೂ ಸಿಗುತ್ತಿರಲಿಲ್ಲ? (ಉಡುಪಿ)

ಹಕ್ಕಿನ ತಕರಾರು. ಸಾರ್ಜೆಂಟ್ ಅವರಿಗೆ ದುಡ್ಡಿನ ತೊಂದರೆ ಆಗಿ ಚಿತ್ರದ ಹಕ್ಕು ಕೈತಪ್ಪಿತು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅದನ್ನು ಥಿಯೇಟರುಗಳಿಗೆ ಬಿಟ್ಟಿತು. ಮೊದಲ ಓಟ ಮುಗಿದ ಮೇಲೆ ಬೀಚ್ ಬಾಯ್ಸ್ ಕಡೆಯವರು ತಮ್ಮ ಭಾಗ ತೆಗೆಯಬೇಕು ಅಂದರು. ಪ್ರಿಂಟುಗಳಿಂದ ಅವರ ನಾಲ್ಕೂ ಹಾಡು ಕತ್ತರಿಸಿದರು. ಆಮೇಲೆ ದಶಕಗಟ್ಟಲೆ ಜನ ನೋಡಿದ್ದು ಕಳ್ಳ ಪ್ರತಿ, ಅದೂ ಬೀಚ್ ಬಾಯ್ಸ್ ಇಲ್ಲದ್ದು. ನಡುವೆ ಎಂಬತ್ತರ ದಶಕದಲ್ಲಿ ಈ ಚಿತ್ರದ ಕೆಲವು ಭಾಗ ಮತ್ತು ಇದರ ನಂತರ ಬಂದ 'ದ ಬಿಗ್ ಟಿ.ಎನ್.ಟಿ. ಶೋ' ಭಾಗಗಳನ್ನು ಸೇರಿಸಿ ಒಂದು ವಿಡಿಯೋ ಮಾಡಿದ್ದರು. ಅದು ಸಂಕಲನ ಅಷ್ಟೇ, ಚಿತ್ರ ಅಲ್ಲ.

2006ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಉಳಿಸಲೇಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್ 25ರಂದು ಜೇಮ್ಸ್ ಬ್ರೌನ್ ತೀರಿಕೊಂಡರು. 2010ರಲ್ಲಿ ಶೌಟ್ ಫ್ಯಾಕ್ಟರಿ ಕಂಪನಿ ಡಿವಿಡಿ ತಂದಿತು, ಬೀಚ್ ಬಾಯ್ಸ್ ಭಾಗ ಸೇರಿಸಿ, ಪೂರ್ತಿ. ಆಮೇಲೆ ಬ್ಲೂ-ರೇ ಕೂಡ ಬಂತು.

ಆ ನಾಲ್ಕು ಹಾಡು ವಾಪಸ್ ಬಂದಿದ್ದು ಸಣ್ಣ ವಿಷಯ ಅಲ್ಲ. ಬೀಚ್ ಬಾಯ್ಸ್‌ಗೆ ಹಾಡು ಕಟ್ಟುತ್ತಿದ್ದ ಬ್ರಯಾನ್ ವಿಲ್ಸನ್ 'ಸರ್ಫರ್ ಗರ್ಲ್' ಹಾಡುವುದನ್ನು ನೋಡಿ. ಕೈಯಲ್ಲಿ ಬಾಸ್ ಗಿಟಾರ್, ಮುಖದಲ್ಲಿ ನಗು, ಆ ಎತ್ತರದ ತೆಳು ದನಿ. ಎರಡು ತಿಂಗಳೊಳಗೆ, ಆ ಡಿಸೆಂಬರಿನಲ್ಲಿ, ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಅವರಿಗೆ ವಿಪರೀತ ಭಯ ಹಿಡಿದು ಮನಸ್ಸು ಕುಸಿಯಿತು. ಅಲ್ಲಿಂದ ಮುಂದೆ ತಂಡದ ಜೊತೆ ಊರೂರು ತಿರುಗುವುದನ್ನೇ ಬಿಟ್ಟು ಸ್ಟುಡಿಯೋದಲ್ಲಿ ಕೂತರು. ಹಾಡು ಕಟ್ಟುವ ತಲೆ ಮತ್ತು ವೇದಿಕೆಯ ಮೇಲಿನ ಹುಡುಗ ಒಬ್ಬನೇ ಆಗಿದ್ದ ಕೊನೆಯ ವಾರಗಳು ಅವು. ಅದನ್ನೇ ಕತ್ತರಿಸಿ ಬಿಸಾಕಿದ್ದರು!

ಕಪ್ಪು ಗಾಯಕರು, ಬಿಳಿ ಗಾಯಕರು ಒಂದೇ ವೇದಿಕೆಯಲ್ಲಿ. ಆಗಿನ ಅಮೆರಿಕದಲ್ಲಿ ಇದಕ್ಕೆ ವಿರೋಧ ಬರಲಿಲ್ಲವಾ? (ಕಲಬುರಗಿ)

ಇದು ಯಾವ ಹೊತ್ತು ಅಂತ ಮೊದಲು ನೋಡಿ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಹೋಟೆಲ್, ಥಿಯೇಟರ್ ಥರದ ಕಡೆ ಬಣ್ಣ ನೋಡಿ ಜನರನ್ನು ಹೊರಗಿಡುವುದು ಕಾನೂನಿಗೆ ವಿರುದ್ಧವಾಯಿತು. ಅಕ್ಟೋಬರ್ 14ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆ. ಅದಾಗಿ ಎರಡು ವಾರಕ್ಕೆ ಈ ಕಛೇರಿ. ಕಾಯ್ದೆಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಚಿತ್ರದಲ್ಲಿ ಯಾರೂ ಇದರ ಬಗ್ಗೆ ಒಂದು ಮಾತು ಆಡುವುದಿಲ್ಲ, ಭಾಷಣ ಇಲ್ಲ. ಆದರೆ ವೇದಿಕೆಯ ಮೇಲೆ ಕಪ್ಪು ಮತ್ತು ಬಿಳಿ ನೃತ್ಯಗಾರರು ಜೊತೆಗೇ ಕುಣಿಯುತ್ತಾರೆ. ಎದುರಿಗೆ ಇರುವವರಲ್ಲಿ ಹೆಚ್ಚಿನವರು ಬಿಳಿ ಹೈಸ್ಕೂಲ್ ಮಕ್ಕಳು, ಅವರು ಕಪ್ಪು ಗಾಯಕರಾದ ಸ್ಮೋಕಿ ರಾಬಿನ್ಸನ್‌ಗೂ ಮಾರ್ವಿನ್ ಗೇಗೂ ಸ್ಟೋನ್ಸ್‌ಗೆ ಕಿರುಚಿದ ಹಾಗೇ ಕಿರುಚುತ್ತಾರೆ. ಕೊನೆಗೆ ಎಲ್ಲಾ ಕಲಾವಿದರೂ ವೇದಿಕೆಗೆ ಬಂದು ಸ್ಟೋನ್ಸ್ ಸುತ್ತ ಕುಣಿಯುತ್ತಾರೆ.

ಇದನ್ನು ಆಗ ಎಲ್ಲರೂ ಸಹಜವಾಗಿ ತೆಗೆದುಕೊಳ್ಳುತ್ತಿದ್ದರು ಅಂದುಕೊಳ್ಳಬೇಡಿ. ನಾಲ್ಕು ವರ್ಷ ಆದ ಮೇಲೂ, 1968ರಲ್ಲಿ, ಇದೇ ಬೈಂಡರ್ ನಿರ್ದೇಶಿಸಿದ ಒಂದು ಟಿವಿ ಕಾರ್ಯಕ್ರಮದಲ್ಲಿ ಬಿಳಿ ಗಾಯಕಿ ಪೆಟುಲಾ ಕ್ಲಾರ್ಕ್ ಕಪ್ಪು ಗಾಯಕ ಹ್ಯಾರಿ ಬೆಲಫಾಂಟೆ ಅವರ ತೋಳು ಮುಟ್ಟಿದರು ಅಂತ ಜಾಹೀರಾತು ಕೊಡುವ ಕಂಪನಿಯವರು ಗಲಾಟೆ ಮಾಡಿದ್ದರು. ಬರೀ ತೋಳು ಮುಟ್ಟಿದ್ದಕ್ಕೆ! ಇದು ಗೊತ್ತಿದ್ದರೆ ಸಾಂಟಾ ಮೋನಿಕಾದ ಆ ಕೊನೆಯ ಕುಣಿತ ಬೇರೆಯೇ ಕಾಣುತ್ತೆ.

ಹುಡುಗಿಯರ ಕಿರುಚಾಟ ಸಹಿಸೋಕಾಗಲ್ಲ. ಹಾಡೇ ಕೇಳಿಸುವುದಿಲ್ಲ. (ಬೆಂಗಳೂರು, ಬಸವನಗುಡಿ)

ಮೊದಲ ಹತ್ತು ನಿಮಿಷ ನಿಜವಾಗಲೂ ಕಷ್ಟ. ಕಛೇರಿ ಅಂದರೆ ಉಸಿರು ಬಿಗಿಹಿಡಿದು ಕೇಳಬೇಕು ಅನ್ನುವವರಿಗೆ ಇನ್ನೂ ಕಷ್ಟ. ಆದರೆ ಸ್ವಲ್ಪ ತಾಳಿ. ಆ ಕಿರುಚಾಟ ಉದ್ದಕ್ಕೂ ಒಂದೇ ಥರ ಇಲ್ಲ. ಗಾಯಕಿ ಲೆಸ್ಲಿ ಗೋರ್ ಬಂದಾಗ ಬೇರೆ, ಸ್ಟೋನ್ಸ್ ಬಂದಾಗ ಬೇರೆ. ಬ್ರೌನ್ ಮೊದಲ ಹಾಡಿಗೆ ಸುಮಾರಾಗಿದ್ದದ್ದು ಹೊದಿಕೆಯ ಹೊತ್ತಿಗೆ ಹುಚ್ಚೆದ್ದ ಹಾಗಾಗುತ್ತೆ. ಹದಿನೈದು-ಹದಿನಾರು ವರ್ಷದ ಆ ಮಕ್ಕಳು ಅಲ್ಲೇ, ಆ ಕ್ಷಣದಲ್ಲೇ ಮನಸ್ಸು ಕಳೆದುಕೊಳ್ಳುವುದನ್ನು ನಾವು ಕೇಳುತ್ತಿದ್ದೇವೆ. ಕ್ಯಾಮೆರಾ ನಡುನಡುವೆ ಅವರ ಮುಖವನ್ನೂ ತೋರಿಸುತ್ತೆ. ನನಗೆ ಈಗ ಆ ದನಿ ಇಲ್ಲದೆ ಈ ಚಿತ್ರ ಕಲ್ಪಿಸಿಕೊಳ್ಳುವುದಕ್ಕೇ ಆಗಲ್ಲ. ಹೆಡ್‌ಫೋನ್ ಬೇಡ, ಕೋಣೆಯಲ್ಲಿ ಸ್ಪೀಕರ್ ಹಾಕಿ ಕೇಳಿ, ಆಗ ಅಷ್ಟು ಚುಚ್ಚುವುದಿಲ್ಲ.

ಇಂಗ್ಲಿಷ್ ಹಾಡುಗಳ ಪರಿಚಯ ನನಗೆ ಅಷ್ಟಾಗಿ ಇಲ್ಲ. ಹೆಂಗಸರ ಹಾಡು ಯಾವುದಾದರೂ ಹೇಳಿ, ಅಲ್ಲಿಂದ ಶುರು ಮಾಡ್ತೀನಿ. (ಸಾಗರ, ಗೃಹಿಣಿ)

ಲೆಸ್ಲಿ ಗೋರ್ ಅವರ 'ಯು ಡೋಂಟ್ ಓನ್ ಮಿ'. ನಾನು ನಿನ್ನ ಸ್ವತ್ತಲ್ಲ, ಏನು ಮಾಡಬೇಕು ಏನು ಆಡಬೇಕು ಅಂತ ನನಗೆ ಹೇಳಬೇಡ ಅಂತ ಒಬ್ಬ ಹುಡುಗಿ ತನ್ನ ಗೆಳೆಯನಿಗೆ ಹೇಳುವ ಹಾಡು. ಗೋರ್‌ಗೆ ಆಗ 18. ಹಾಡು ಬರೆದವರು ಜಾನ್ ಮದಾರಾ ಮತ್ತು ಡೇವಿಡ್ ವೈಟ್, ಇಬ್ಬರೂ ಗಂಡಸರು, ಆದರೆ ಗೋರ್ ಹಾಡುವಾಗ ಅದು ಪೂರ್ತಿ ಅವರದೇ ಆಗಿಬಿಡುತ್ತೆ. ವರ್ಷದ ಶುರುವಿನಲ್ಲಿ ಇದು ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಗಿತ್ತು. ಒಂದನೇದರಲ್ಲಿ ಬೀಟಲ್ಸ್ ಕೂತಿದ್ದರು. ವೇದಿಕೆಯ ಮೇಲೆ ಗೋರ್ ಕುಣಿಯುವುದಿಲ್ಲ, ಕೈ ಜಾಸ್ತಿ ಆಡಿಸುವುದಿಲ್ಲ, ನೇರ ನಿಂತು ಎದುರಿಗೆ ನೋಡಿ ಹಾಡುತ್ತಾರೆ. ಆ ಹಾಡಿಗೆ ಅದೇ ಸರಿ.

ಅದಾದ ಮೇಲೆ ಸುಪ್ರೀಮ್ಸ್. ಡಯಾನಾ ರಾಸ್, ಮೇರಿ ವಿಲ್ಸನ್, ಫ್ಲಾರೆನ್ಸ್ ಬ್ಯಾಲರ್ಡ್, ಮೂವರೂ ಡೆಟ್ರಾಯಿಟ್ ಹುಡುಗಿಯರು. ಎಷ್ಟೋ ರೆಕಾರ್ಡು ಬಿದ್ದುಹೋದ ಮೇಲೆ ಆ ಆಗಸ್ಟಿನಲ್ಲಿ 'ವೇರ್ ಡಿಡ್ ಅವರ್ ಲವ್ ಗೋ' ಮೊದಲ ಸಲ ಒಂದನೇ ಸ್ಥಾನಕ್ಕೆ ಹೋಗಿತ್ತು. ಇಲ್ಲಿ ಅವರು ಹಾಡುವ 'ಬೇಬಿ ಲವ್' ಚಿತ್ರೀಕರಣ ಮುಗಿದ ಎರಡೇ ದಿನಕ್ಕೆ, ಅಕ್ಟೋಬರ್ 31ರ ಪಟ್ಟಿಯಲ್ಲಿ, ಒಂದಕ್ಕೆ ಬಂತು. ಡಯಾನಾ ಕಡೆಗೇ ಕಣ್ಣು ಹೋಗುತ್ತೆ, ಕ್ಯಾಮೆರಾನೂ ಅವರನ್ನೇ ಹುಡುಕುತ್ತೆ. ಒಂದು ಹಾಡು ಪೂರ್ತಿ ಫ್ಲಾರೆನ್ಸ್ ಬ್ಯಾಲರ್ಡ್ ಕಡೆ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಮುಂದೆ ಆ ತಂಡದಿಂದ ಅವರನ್ನು ಹೊರಗೆ ಹಾಕಿದರು, 32ನೇ ವಯಸ್ಸಿಗೇ ಹೋಗಿಬಿಟ್ಟರು. ಇಲ್ಲಿ ಇನ್ನೂ ಮೂವರೂ ಒಂದೇ ಹೆಜ್ಜೆಯಲ್ಲಿದ್ದಾರೆ.

ಒಂದು ಕೈಗೆ ಕೊಕ್ಕೆ ಇರುವ ಡ್ರಮ್ಮರ್ ಒಬ್ಬ ಕಾಣುತ್ತಾನೆ. ನಿಜವಾ, ವೇಷವಾ? (ಚಿತ್ರದುರ್ಗ)

ನಿಜ. ಮ್ಯಾಸಚೂಸೆಟ್ಸ್‌ನ ಬಾರ್ಬೇರಿಯನ್ಸ್ ತಂಡದ ವಿಕ್ಟರ್ ಮೌಲ್ಟನ್, ಎಲ್ಲರೂ ಕರೆಯುತ್ತಿದ್ದದ್ದು ಮೌಲ್ಟಿ ಅಂತ. ಚಿಕ್ಕವನಿದ್ದಾಗ ಒಂದು ಸ್ಫೋಟದಲ್ಲಿ ಎಡಗೈ ಹೋಯಿತು, ಕೃತಕ ಕೈಯಲ್ಲಿ ಕಡ್ಡಿ ಹಿಡಿದು ನುಡಿಸುತ್ತಿದ್ದರು. ಚಿತ್ರದಲ್ಲಿ ಅವರ ತಂಡಕ್ಕೆ ಸಿಕ್ಕಿದ್ದು ಒಂದೇ ಹಾಡು.

ನಾನು ಲಾಸ್ ಏಂಜಲಿಸ್ ಹತ್ತಿರ ಇದ್ದೇನೆ. ಆ ಸಭಾಂಗಣ ಈಗ ನೋಡಬಹುದಾ? (ಕ್ಯಾಲಿಫೋರ್ನಿಯಾದಿಂದ ಒಬ್ಬ ಕನ್ನಡತಿ)

1958ರಲ್ಲಿ ಕಟ್ಟಿದ್ದು. 1961ರಿಂದ 1968ರವರೆಗೆ ಆಸ್ಕರ್ ಸಮಾರಂಭ ನಡೆದದ್ದೂ ಇದೇ ಸಭಾಂಗಣದಲ್ಲಿ. 2013ರಲ್ಲಿ ಕಾರ್ಯಕ್ರಮಗಳಿಗೆ ಬಾಗಿಲು ಹಾಕಿದರು. ಒಳಗೆ ಬಿಡುತ್ತಾರೆ ಅಂದುಕೊಂಡು ಹೋಗಬೇಡಿ. ಬೀಚಿಗೆ ಹೋಗುವ ದಿನ ದಾರಿಯಲ್ಲಿ ಹೊರಗಿನಿಂದ ನೋಡಿಕೊಂಡು ಬನ್ನಿ, ಸಮುದ್ರಕ್ಕೆ ಹತ್ತಿರವೇ ಇದೆ.

ಮಗಳಿಗೆ ಹನ್ನೆರಡು ವರ್ಷ, ಡ್ಯಾನ್ಸ್ ಅಂದರೆ ಪ್ರಾಣ. ಅವಳ ಜೊತೆ ಕೂತು ನೋಡಬಹುದಾ? (ತುಮಕೂರು)

ಧಾರಾಳವಾಗಿ ನೋಡಿ. ಮುಜುಗರ ಪಡುವಂಥದ್ದು ಏನೂ ಇಲ್ಲ, ಇದ್ದದ್ದೇ ಹೈಸ್ಕೂಲ್ ಮಕ್ಕಳಿಗಾಗಿ ಮಾಡಿದ ಚಿತ್ರ. ಗಾಯಕರ ಹಿಂದೆ, ಪಕ್ಕದಲ್ಲಿ ಒಂದು ಕ್ಷಣ ಬಿಡದೆ ಕುಣಿಯುತ್ತಿರುವವರನ್ನು ಗಮನಿಸಲು ಹೇಳಿ. ಡೇವಿಡ್ ವಿಂಟರ್ಸ್ ಅವರ ನೃತ್ಯ ಸಂಯೋಜನೆ, ಸಹಾಯಕಿ ಟೋನಿ ಬೇಸಿಲ್. ಇದೇ ಟೋನಿ ಬೇಸಿಲ್ 1982ರಲ್ಲಿ 'ಮಿಕ್ಕಿ' ಹಾಡಿನಿಂದ ತಾವೇ ದೊಡ್ಡ ಹೆಸರಾದರು. ಕುಣಿಯುವವರಲ್ಲಿ ಟೆರಿ ಗಾರ್ ಕೂಡ ಇದ್ದಾರೆ, ಮುಂದೆ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ನಟಿ.

ಎರಡು ಗಂಟೆ ಒಂದೇ ಸಲ ಕೂರುವುದು ಮಗುವಿಗೆ ಕಷ್ಟ ಅನ್ನಿಸಿದರೆ ಎರಡು ಸಂಜೆ ಮಾಡಿಕೊಳ್ಳಿ. ಮೊದಲ ದಿನ ಚಕ್ ಬೆರ್ರಿಯಿಂದ ಬೀಚ್ ಬಾಯ್ಸ್‌ವರೆಗೆ, ಮರುದಿನ ಅಲ್ಲಿಂದ ಕೊನೆಯವರೆಗೆ. ಸ್ಮೋಕಿ ರಾಬಿನ್ಸನ್ ಮತ್ತು ಮಿರಕಲ್ಸ್ 'ಮಿಕೀಸ್ ಮಂಕಿ' ಹಾಡುವಾಗ ಅವಳು ಎದ್ದು ನಿಂತರೆ ನೀವೂ ಎದ್ದೇಳಿ, ಆ ಹೆಜ್ಜೆ ಕಲಿಯೋಕೆ ಕಷ್ಟ ಇಲ್ಲ. ಜೇಮ್ಸ್ ಬ್ರೌನ್ ಹಾಗೆ ಮಂಡಿ ಊರಿ ಬೀಳುವುದನ್ನು ಮಾತ್ರ ಬರಿ ನೆಲದ ಮೇಲೆ ಮಾಡಲು ಬಿಡಬೇಡಿ, ದಪ್ಪ ಚಾಪೆ ಹಾಸಿಕೊಡಿ.